ಪಂಚೆಯ ಮೇಲಿನ ಆಸ್ಟ್ರಿಯಾ

ನಮ್ಮ ವಂಶದಲ್ಲಿ ಬಿ.ಎ. ಪಾಸಾದ ಮೊದಲನೆಯವನು ನಾನು. ಮೈಲಾಪೂರಿನ ಹೋಟೆಲಿನಲ್ಲಿ ಅಪ್ಪಯ್ಯ ದೋಸೆ ಹಿಟ್ಟು ರುಬ್ಬಿ ರುಬ್ಬಿ ನನ್ನನ್ನು ಓದಿಸಿದ್ದರು. ಆದ್ದರಿಂದ ನನಗೆ ತಿಳಿಯದ ವಿಷಯ ಲೋಕದಲ್ಲಿಲ್ಲವೆಂದು ನಾವಿಬ್ಬರೂ ನಂಬಿದ್ದೆವು.

ಟಿ. ನಗರದ ವಾಸುದೇವ ಭಟ್ಟರು ಮಗಳು ಕುಸುಮಳನ್ನು ನನಗೆ ಕೊಡುವ ಯೋಚನೆಯಲ್ಲಿದ್ದರು. "ಹುಡುಗನಿಗೆ ಲೋಕಜ್ಞಾನ ಎಷ್ಟುಂಟು ಅಂತ ಒಮ್ಮೆ ನೋಡ್ಬೇಕು" ಎಂದರು. ನೋಡಲಿ! ಹೋಟೆಲಿನ ಮಹಡಿಯಲ್ಲಿ ನಮ್ಮ ಕನ್ನಡದವರು ಸಂಜೆ ಸೇರುವ ಕೂಟದಲ್ಲಿ ನನ್ನ ಉಪನ್ಯಾಸವನ್ನು ಸಾರಿಯೇಬಿಟ್ಟೆ. ವಿಷಯ: ಆಸ್ಟ್ರಿಯಾದ ಹೆಸರಾಂತ ಸ್ಕೀ ಪಟುಗಳ ಜೀವನ. ಏಕೆಂದರೆ ಅದರ ಬಗ್ಗೆ ಮದರಾಸಿನಲ್ಲಿ ಯಾರೂ ಪ್ರಶ್ನೆ ಕೇಳಲಾರರು. ನಾನೂ ಹಿಮ ಕಂಡವನಲ್ಲ. ಐಸ್ ಕಂಡಿದ್ದೆ, ನನ್ನಾರಿ ಶರಬತ್ತಿನಲ್ಲಿ.

ಮೂಕಿ ಚಿತ್ರದ ಸುರುಳಿಯೊಂದನ್ನೂ ಬಾಡಿಗೆಯ ಪ್ರೊಜೆಕ್ಟರನ್ನೂ ತಂದೆ. "ಓಟ್ಟ ಆಳ್ ವೇಣುಮಾ ಸಾರ್?" ಎಂದ ಅಂಗಡಿಯವನಿಗೆ "ಓಡಿಸ್ಲಿಕ್ಕೆ ಆಳು ಬೇಡ, ನಾನು ಬಿ.ಎ." ಎಂದೆ. ಮಧ್ಯಾಹ್ನ ಅಭ್ಯಾಸವನ್ನೂ ಮಾಡಿದೆ. ಬಲ್ಬು ಸುಟ್ಟೀತೆಂದು ದೀಪ ಹಚ್ಚದೆಯೇ ಪೂರಾ ಓಡಿಸಿದೆ! ಸಂಜೆ ನೋಡಿದರೆ ಸುರುಳಿಯೆಲ್ಲ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ಗುಂಡಿಯನ್ನು ಎಡಕ್ಕೆ ತಿರುಗಿಸಿದೆ. ಓಡಿತು. ಓಡಿದ ಮೇಲೆ ಸರಿಯೇ!

ಗೋಡೆಗೆ ಕಟ್ಟಿದ ಅಪ್ಪಯ್ಯನ ಪಂಚೆಯ ತುಂಬ ಬಿಳುಪು ಹರಡಿತು. ಸದ್ದಿಲ್ಲ. ಕಪ್ಪು ಕನ್ನಡಕದ ಹಿಂದೆ ಕಣ್ಣೇ ಇಲ್ಲದಂಥ ಮುಖಗಳು. ಒಬ್ಬನ ಕೊರಳಿನ ಪದಕವನ್ನು ಯಾರೋ ಕಳಚಿಕೊಂಡರು. ಅವನು ನಗುತ್ತಲೇ ಬೆನ್ನು ಮುಂದಾಗಿ ಜನರ ನಡುವಿನಿಂದ ಸರಿದು, ಬೆನ್ನು ಮುಂದಾಗಿಯೇ ಗುಡ್ಡ ಏರತೊಡಗಿದ. ಗಾಳಿಯಲ್ಲಿದ್ದ ಹಿಮವೆಲ್ಲ ಅವನ ಕಾಲಡಿಗೆ ಬಂದು ಅಡಗುತ್ತಿತ್ತು.

"ಪದಕ ಯಾಕೆ ವಾಪಸ್ ತಕೊಂಡ್ರು?" ಮಗಳ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದ ಭಟ್ಟರು ಕೇಳಿದರು.

ಪ್ರಶ್ನೆ ಬಂದೇಬಿಟ್ಟಿತು!

"ಅಲ್ಲಿಯ ಪದ್ಧತಿ" ಎಂದೆ. "ಈತ ಒಂದೇ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ ಗೆದ್ದವನು. ಪದಕ ಮೊದಲು ಕೊಡ್ತಾರೆ. ಗುಡ್ಡ ಹತ್ತಿದ ಮೇಲೆಯೇ ಖಾಯಂ. ಸರ್ಕಾರಿ ನೌಕರಿಯ ಹಾಗೆ."

"ಹತ್ತುವುದು ಹಿಂದುಹಿಂದಾಗಿಯಾ?"

"ಗಾಳಿ ಮುಖಕ್ಕೆ ಹೊಡೀಬಾರದಲ್ಲ, ಮಾವ!"

"ಮಾವ ಅಂತ ಈಗ್ಲೇ ಕರೀಬೇಡ."

ಅಷ್ಟರಲ್ಲಿ ಪಂಚೆಯ ಮೇಲೆ ಇನ್ನೊಬ್ಬ ಬಂದ. ಹಿಮದಲ್ಲಿ ಅಲುಗಾಡದೆ ಮಲಗಿದ್ದ. ಸುತ್ತ ನಿಂತವರು ಹಿಂದಕ್ಕೆ ಸರಿದು ಸರಿದು ಮಾಯವಾದರು. ಆಮೇಲೆ ಆ ದೇಹ ತಾನಾಗಿ ಹೊರಳಿತು. ಎದ್ದಿತು. ಮುಖ ನಮ್ಮ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ಹಾರಿಹೋಯಿತು.

"ಅಪ್ಪಾ, ಪೇಯ್!" ಕುಸುಮ ಕಿರುಚಿದಳು. ಮದರಾಸಿನಲ್ಲಿ ಓದಿದವಳು, ದೆವ್ವ ಕಂಡರೂ ತಮಿಳೇ ಬರುತ್ತದೆ.

ಭಟ್ಟರು ಎದ್ದರು. ನಮ್ಮವರಲ್ಲಿ ಎಲ್ಲವೂ ತಿರುಗುಮುರುಗಾಗುವುದು ಸತ್ತವರ ಕಾರ್ಯದಲ್ಲಿ ಮಾತ್ರ. ಜನಿವಾರ ಬಲಕ್ಕೆ, ಪ್ರದಕ್ಷಿಣೆ ಎಡಕ್ಕೆ.

"ಸಂಬಂಧದ ಮಾತಿಗೆ ಬಂದವರಿಗೆ ಅಪರಕ್ರಿಯೆ ತೋರಿಸ್ತೀಯಲ್ಲ ಮಾರಾಯ! ಸತ್ತವ ಏಳುವುದೂ ಅಲ್ಲಿಯ ಪದ್ಧತಿಯಾ?"

"ಅವರಿಗೆ ತರಬೇತಿ ಇರ್ತದೆ!" ಎಂದೆ.

"ಕುಸುಮಾ, ನಡಿ. ಮನೆಗೆ ಹೋಗಿ ಸ್ನಾನ ಮಾಡ್ಬೇಕು."

ಮಹಡಿ ಖಾಲಿಯಾಯಿತು. ಉಳಿದವರು ಅಪ್ಪಯ್ಯ ಮತ್ತು ನಾನು. ಗುಂಡಿಯನ್ನು ಬಲಕ್ಕೆ ತಿರುಗಿಸಿ ನೋಡಿದೆ. ಅದೇ ಹುಡುಗ ಸರ್ರನೆ ಇಳಿದು ಬಂದ. ಎಡವಿದ. ಬಿದ್ದ. ಜನ ಓಡಿಬಂದು ಸುತ್ತ ನಿಂತರು. ಈ ಸಲ ಅವನು ಏಳಲಿಲ್ಲ. ಫ್ಯಾನಿನ ಗಾಳಿಗೆ ಪಂಚೆ ಮಾತ್ರ ಉಸಿರಾಡುತ್ತಿತ್ತು.

"ಮೊದಲಿನದ್ದೇ ಒಳ್ಳೇದಿತ್ತು ಮಗಾ" ಎಂದರು ಅಪ್ಪಯ್ಯ. "ಅದರಲ್ಲಿ ಆ ಹುಡುಗ ಎದ್ದಿದ್ದ."

ಮರುವಾರ ಭಟ್ಟರ ಮನೆಗೆ ಹೋಗಿ, ಚಿತ್ರ ತಿರುಗುಮುರುಗಾಗಿ ಓಡಿದ್ದನ್ನು ಸಾದ್ಯಂತ ನಿವೇದಿಸಿಕೊಂಡೆ. ಅವರು ಶಾಂತವಾಗಿ ಕೇಳಿದರು.

"ದೆವ್ವವಾಗಿದ್ರೆ ಮಂತ್ರ ಉಂಟು" ಎಂದರು. "ನೀನು ಕೊಟ್ಟ ವಿವರಣೆಗೆ ಎಂತ ಉಂಟು?"

ಬಿ.ಎ.ಯಲ್ಲಿ ಆ ಪಾಠ ಇರಲಿಲ್ಲ.

ಕುಸುಮಳನ್ನು ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದ ಹುಡುಗನಿಗೆ ಕೊಟ್ಟರು. ಅವನನ್ನೂ ಭಟ್ಟರು ಏನೋ ಒಂದು ಪ್ರಶ್ನೆ ಕೇಳಿದರಂತೆ. "ಗೊತ್ತಿಲ್ಲ" ಅಂದನಂತೆ.

ಪಾಸಾದ!