ಬದನೆಕಾಯಿ ಬಣ್ಣದ ಮಾವ

ನಮ್ಮ ಸೋದರಮಾವನಿಗೆ ಕಣ್ಣು ಸರಿಯಿಲ್ಲವೆಂದು ಶಹಾಪುರದ ಅರ್ಧ ಊರು ನಂಬಿದೆ. ಉಳಿದರ್ಧಕ್ಕೆ ಕಣ್ಣಿನ ಬಗ್ಗೆ ತಕರಾರಿಲ್ಲ, ತಲೆಯ ಬಗ್ಗೆ ಇದೆ!

ಮಾವ ಡ್ರಾಯಿಂಗ್ ಮಾಸ್ತರರಾಗಿದ್ದವರು. ಎಮ್ಮೆಗೆ ಕಪ್ಪು ಹಚ್ಚಿದ ಮಕ್ಕಳಿಗೆ ಅವರಲ್ಲಿ ಮಾರ್ಕ್ಸ್ ಸಿಗುತ್ತಿರಲಿಲ್ಲ. "ಕರಿ ಎಮ್ಮಿ ಓಣ್ಯಾಗೇ ನಿಂತದ. ಅದರ ಸಿಟ್ಟು ಯಾವ ಬಣ್ಣ ಅದ, ಅದನ್ನ ತೋರಸ್ರಿ" ಎನ್ನುತ್ತಿದ್ದರು. ಹೆಡ್ಮಾಸ್ತರರು ನಿವೃತ್ತರಾದಾಗ ಮಾವ ಅವರ ಚಿತ್ರವನ್ನೇ ಬರೆದುಕೊಟ್ಟರು. ಮುಖ ಪೂರ್ತಿ ಹಸಿರು!

"ಏನ್ರಿ ಮಾಸ್ತರ, ನನಗ ವಿಷ ಏರ್ಯದೇನ್ರಿ?"

"ಇಲ್ರಿ ಸರ್, ನಾಳಿಂದ ಸಾಲಿಗೆ ಬರೂದಿಲ್ಲಂತ ಖುಷಿ ಏರ್ಯದ."

ಅತ್ತೆ ತೀರಿಕೊಂಡ ಮೇಲೆ ಮಾವ ಬಾಗಿಲು ಹಾಕಿಕೊಂಡು ಒಂದು ಜೋಡಿ ಚಿತ್ರ ಬರೆದರು. ಬಲಕ್ಕೆ ಅತ್ತೆ, ಮುಖವೆಲ್ಲ ಅರಿಶಿನದ ಹಳದಿ. ಎಡಕ್ಕೆ ತಾವು, ಅಪ್ಪಟ ಬದನೆಕಾಯಿ ಬಣ್ಣ. ಸುರಪುರದಿಂದ ಬಂದ ನಮ್ಮವ್ವ, ಅಂದರೆ ಮಾವನ ಅಕ್ಕ, ಹೊಸ್ತಿಲಲ್ಲೇ ಬಾಯಿ ಮಾಡಿದಳು.

"ಆಕಿಗೆ ಯಾವಾಗ ಕಾಮಣಿ ಬ್ಯಾನಿ ಆಗಿತ್ತೋ?"

ಅವ್ವನ ನಿಜವಾದ ಹೆದರಿಕೆ ಬೇರೆ. ಹೋದವರ ಜೊತೆ ಬದುಕಿರುವವರನ್ನು ಒಂದೇ ಚೌಕಟ್ಟಿನಲ್ಲಿ ತೂಗುಹಾಕುವುದುಂಟೇ? ಹಾರ ಹಾಕುವುದಾದರೂ ಯಾರಿಗೆ? ಅತ್ತೆಯ ವರ್ಷದ ಪೂಜೆಯೊಳಗೆ ಚಿತ್ರದಿಂದ ತಮ್ಮನ ಅರ್ಧವನ್ನು ಕತ್ತರಿಸಿ ತೆಗೆಯಲೇಬೇಕೆಂದು ಹಟ ಹಿಡಿದಳು.

"ಆಕಿನ್ನ ಒಬ್ಬಾಕಿನ್ನ ಗ್ವಾಡಿ ಮ್ಯಾಲ ಬಿಡಂಗಿಲ್ಲ" ಎಂದ ಮಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ವರ್ಷದ ಪೂಜೆಗೆ ಎದುರಂಗಡಿಯ ಶೆಟ್ಟರು ಬಂದರು. ಮಾರುದ್ದದ ಚೆಂಡುಹೂವಿನ ಹಾರವನ್ನು ಚಿತ್ರದ ಇಬ್ಬರಿಗೂ ಸೇರಿಸಿ ಹಾಕಿ, ಕೈಮುಗಿದು, ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದವರು ಯಾರು? ಸಾಕ್ಷಾತ್ ಮಾವ!

"ಅಯ್ಯಯ್ಯ, ತೆಗೀರಿ! ನನ್ನ ತಮ್ಮ ಇನ್ನಾ ಇದ್ದಾನ್ರಿ!"

ಅವ್ವ ಹಾರವನ್ನು ಅತ್ತೆಯ ಕಡೆ ಎಳೆದಳು. ಚೌಕಟ್ಟಿಗಿದ್ದದ್ದು ಒಂದೇ ಮೊಳೆ. ಚೌಕಟ್ಟು ಅತ್ತೆಯ ಕಡೆ ವಾಲಿತು, ಬದನೆಕಾಯಿ ಮಾವ ಅತ್ತೆಯ ಹೆಗಲಿಗೆ ಒರಗಿದಂತೆ ಕಂಡರು. ನಾನು ನಗು ತಡೆಯಲಾರದೆ ಕೇಳಿಯೇ ಬಿಟ್ಟೆ.

"ಮಾಮಾ, ಅತ್ತಿ ಮಾರಿ ಹಳದಿ ಯಾಕ?"

"ಅದು ಮಾರಿ ಬಣ್ಣ ಅಲ್ಲವ್ವ. ಆಕಿ ಒಳಗ ಬಂದ್ರ ಮನಿ ಹಂಗ ಆಗತಿತ್ತು."

"ಮತ್ತ ನೀವ್ಯಾಕ ಬದನಿಕಾಯಿ?"

"ಈಗ ಮನಿ ಹಿಂಗದ."

ಮಾವ ಚಹಾ ಕೆಳಗಿಟ್ಟು ಅವ್ವನ ಕೈಯಿಂದ ಹಾರ ಬಿಡಿಸಿದರು.

"ಇರಲಿ ಬಿಡಕ್ಕ. ಆಕಿ ಬಾಜೂಕ ಹಾರ ಹಾಕ್ಕೊಂಡು ನಿಂತು ಭಾಳ ವರ್ಷ ಆತು."

ಅವ್ವ ಸರಸರ ಒಳಗೆ ಹೋದಳು. ಕತ್ತರಿ ತರುತ್ತಾಳೆಂದೇ ನಾನು ಹೆದರಿದೆ. ಹೊರಗೆ ಬಂದಾಗ ಅವಳ ಮುಷ್ಟಿಯಲ್ಲಿ ಅಕ್ಕಿಕಾಳು ಇತ್ತು. ಲಗ್ನದಲ್ಲಿ ಹಾಕುವಂತೆ, ಮೊದಲು ಅತ್ತೆಯ ಮೇಲೆ, ಆಮೇಲೆ ಬದನೆಕಾಯಿ ಬಣ್ಣದ ತಮ್ಮನ ಮೇಲೆ ಹಾಕಿದಳು.