ಹತ್ತು ಜನ ರೈತರು, ಒಬ್ಬರೇ ಗುಮಾಸ್ತರು

ನಮ್ಮ ಸಕಲೇಶಪುರದಲ್ಲಿ ಗುಟ್ಟು ಮಾಡೋಕೆ ಹೊರಟವರು ಮೊದಲು ನಾಲ್ಕು ಜನಕ್ಕೆ ‘ಯಾರಿಗೂ ಹೇಳ್ಬೇಡಿ’ ಅಂತ ಹೇಳಿಯೇ ಶುರು ಮಾಡೋದು. ಬಸ್‌ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರ್ ಇಟ್ಟುಕೊಂಡಿದ್ದ ನನಗೆ ಇಂಥವರಿಗೆ ಯಾವತ್ತೂ ಬರ ಬಂದಿರಲಿಲ್ಲ. ಮೊಬೈಲಿಗೆ ಇಂಟರ್ನೆಟ್ ಇನ್ನೂ ಕಾಲಿಡದಿದ್ದ ಕಾಲ ಅದು. ಲವ್ ಮಾಡೋರು, ಸಾಲ ಮುಚ್ಚಿಡೋರು ಎಲ್ಲ ಬರ್ತಿದ್ದರು. ಆದರೆ ಸರ್ಕಾರಿ ಗುಟ್ಟಿನ ಮಜವೇ ಬೇರೆ.

ನಾನೀಗ ಯಾರು?

ಒಂದು ದಿನ ತಾಲ್ಲೂಕಿನ ಒಂದು ಸರ್ಕಾರಿ ಆಫೀಸಿನ ಗುಮಾಸ್ತರು ಬಂದು ಮೂಲೆ ಕ್ಯಾಬಿನ್ ಕೇಳಿದರು. “ಅಕ್ಕಾ, ಯಾರಿಗೂ ಹೇಳ್ಬಾರ್ದು” ಅಂತ ಶುರು ಮಾಡಿ ಎಲ್ಲ ಹೇಳಿಬಿಟ್ಟರು. ಕೆ. ಹೊಸಕೋಟೆ ಆಚೆ ಒಂದು ಹಳ್ಳಕ್ಕೆ ಕಟ್ಟೆ ಕಟ್ಟಿ ಕರೆಂಟ್ ತೆಗೆಯೋ ಯೋಜನೆ ಇತ್ತು. ಜಿಲ್ಲೆಯ ಯಾರೋ ನಡೆಸ್ತಿದ್ದ ಒಂದು ವೆಬ್‌ಸೈಟಿನಲ್ಲಿ ಜನ ಅದರ ಬಗ್ಗೆ ಚರ್ಚೆ ಮಾಡ್ತಿದ್ದರು. ಅಲ್ಲಿ ಇವರು ಹತ್ತು ಜನ ರೈತರ ಹೆಸರಿಟ್ಟುಕೊಂಡು ‘ಯೋಜನೆ ಬರಲಿ’ ಅಂತ ಬರೀಬೇಕು. ಅವರ ಆಫೀಸಿನ ಸಾಹೇಬರ ಬಾಯಿಮಾತಿನ ಆರ್ಡರು. ಆಫೀಸಿನ ಕಂಪ್ಯೂಟರಿಂದ ಬರೆದರೆ ಗೊತ್ತಾಗಿಬಿಡುತ್ತೆ ಅಂತ ನನ್ನ ಸೆಂಟರಿಗೆ ಕಳಿಸಿದ್ದರು.

ನನಗೆ ಹೊಟ್ಟೆ ಉರಿದು ಹೋಯ್ತು. ಆ ಹಳ್ಳವೇ ನನ್ನ ತವರಿನ ಗದ್ದೆಗೆ ನೀರು. ಕಟ್ಟೆ ಎದ್ದರೆ ನಮ್ಮಪ್ಪನ ಗದ್ದೆಯಲ್ಲಿ ದನ ಕಟ್ಟಬೇಕು, ಅಷ್ಟೇ. ಆದರೆ ಈ ಮನುಷ್ಯನ ಮುಖ ನೋಡಿದರೆ ಬೈಯೋಕೂ ಮನಸ್ಸು ಬರಲ್ಲ. ‘ಹಾಳಾಗ್ಲಿ, ಕೂತ್ಕೊಳ್ಳಿ’ ಅಂದೆ.

ಹತ್ತು ಹೆಸರು, ಹತ್ತು ಪಾಸ್‌ವರ್ಡು. ಸೆಂಟರ್ ತುಂಬಾ ಜನ ಇರುವಾಗ ಮೂಲೆಯಿಂದ ಕೂಗಿದರು. “ಅಕ್ಕಾ, ನಾನೀಗ ಯಾರು?”

“ಬೆಳಿಗ್ಗೆ ಮಾರನಹಳ್ಳಿ ಬೆಳೆಗಾರ ಆಗಿದ್ರಿ. ಈಗ ಯಾರಂತ ನಂಗೇನ್ ಗೊತ್ತು?”

ಪಕ್ಕದ ಕ್ಯಾಬಿನ್ನಿನ ಹಿರಿಯರೊಬ್ಬರು ಎದ್ದು ಬಂದು ನನ್ನ ಕಿವಿಯಲ್ಲಿ ಕೇಳಿದರು. “ಪಾಪ, ಯಾವಾಗಿಂದ ಹಿಂಗಾಗೈತೆ ಇವ್ರಿಗೆ?”

ರೈತರಿಗೂ ಎರಡನೇ ಶನಿವಾರ

ಗುಮಾಸ್ತರು ಶಿಸ್ತಿನ ಮನುಷ್ಯ. ಆಫೀಸಿನ ಹೊತ್ತಿಗೆ ಬರೋರು, ಊಟದ ಹೊತ್ತಿಗೆ ಏಳೋರು, ಸಂಜೆ ಬಸ್ಸಿನ ಟೈಮಾದರೆ ಅರ್ಧ ವಾಕ್ಯ ಅಲ್ಲೇ ಬಿಟ್ಟು ಹೋಗೋರು. ಹಾಗಾಗಿ ಆ ಹತ್ತು ಜನ ರೈತರೂ ಒಟ್ಟಿಗೆ ಎದ್ದು ಒಟ್ಟಿಗೆ ಮಲಗೋರು. ಕೊನೆಗೆ ವೆಬ್‌ಸೈಟಿನಲ್ಲಿ ಯಾರೋ ಕೇಳಿಯೇ ಬಿಟ್ಟರು: ‘ಈ ರೈತರೆಲ್ಲ ಎರಡನೇ ಶನಿವಾರ ರಜಾ ಹಾಕ್ತಾರಲ್ಲ, ಇವರ ದನಗಳಿಗೆ ಹುಲ್ಲು ಹಾಕೋರು ಯಾರು?’

ಸಾಹೇಬರು ಹೌಹಾರಿ, ಇನ್ಮೇಲೆ ಭಾನುವಾರವೂ ಬರೀರಿ ಅಂದರಂತೆ. ಇವರು ಬರೆದರು. ಸೋಮವಾರ ಮಾತ್ರ ಸಾಹೇಬರ ಮುಂದೆ ನಿಂತು ಬದಲಿ ರಜೆ ಕೇಳಿದರು.

“ಯಾವ ಲೆಕ್ಕದಲ್ಲಿ ಕೊಡ್ಲಿ?”

“ಭಾನುವಾರ ರೈತನಾಗಿ ಡ್ಯೂಟಿ ಮಾಡಿದೀನಲ್ಲ ಸಾರ್!”

ಬಗ್ಗದ ವಿರೋಧಿ

ಎಲ್ಲರೂ ಹೊಗಳಿದರೆ ಜನ ನಂಬಲ್ಲ, ಒಬ್ಬ ವಿರೋಧಿಯನ್ನೂ ಹುಟ್ಟಿಸಿ, ಆದರೆ ಸ್ವಲ್ಪ ಪೆದ್ದ ಇರಲಿ ಅಂತ ಸಾಹೇಬರ ಹೊಸ ಅಪ್ಪಣೆಯಾಯ್ತು. ಗುಮಾಸ್ತರಿಗೆ ಪೆದ್ದು ಪೆದ್ದಾಗಿ ವಿರೋಧ ಮಾಡೋದು ಹೇಗೆ ಅಂತ ಹೊಳೀಲಿಲ್ಲ. “ಅಕ್ಕಾ, ನಿಮ್ಮ ತವರು ಆ ಕಡೇನೇ ಅಲ್ವಾ, ಅಲ್ಲಿಯೋರು ಏನಂತಾರೆ?” ಅಂತ ಕೇಳಿದರು.

ಕೇಳೋದೇ ತಡ, ನಮ್ಮಪ್ಪ ದಿನಾ ಬಡ್ಕೊಳ್ಳೋದನ್ನೆಲ್ಲ ಒಪ್ಪಿಸಿಬಿಟ್ಟೆ. ಬೇಸಿಗೇಲಿ ಹಳ್ಳದಲ್ಲಿ ಎಮ್ಮೆ ಮಲಗೋಕೆ ನೀರಿಲ್ಲ, ಅದರಲ್ಲಿ ಯಾವ ಕರೆಂಟ್ ತೆಗೀತೀರಿ? ಮಳೇಲಿ ನೀರಿರುತ್ತೆ, ಆಗ ಲೈನ್ ಮೇಲೆ ಮರ ಬಿದ್ದು ವಾರಗಟ್ಟಲೆ ಕರೆಂಟೇ ಇರಲ್ಲ, ತೆಗೆದ ಕರೆಂಟನ್ನ ಬುಟ್ಟೀಲಿ ಹೊತ್ಕೊಂಡ್ ಹೋಗ್ತೀರಾ? ಕಾಫಿ ಹೂವಿನ ಟೈಮಲ್ಲಿ ಸ್ಪ್ರಿಂಕ್ಲರಿಗೆ ನೀರು ನಿಮ್ಮಪ್ಪ ಕೊಡ್ತಾನಾ? ಇವರು ಒಂದಕ್ಷರ ಬಿಡದೆ ಟೈಪ್ ಮಾಡಿದರು.

ಮಾರನೇ ದಿನ ಹೋಗಿ ನೋಡ್ತೀನಿ, ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ.

“ಬೆಳಿಗ್ಗೆಯಿಂದ ಹತ್ತು ಜನಾನೂ ಬಿಟ್ಟು ನೋಡ್ದೆ ಅಕ್ಕಾ. ಆ ನನ್ಮಗ ಬಗ್ತಾನೇ ಇಲ್ಲ.”

“ಯಾವನ್ರೀ ಅವ್ನು?”

“ನಾನೇ ಕಣಕ್ಕಾ!”

ಹಾಜರಿ

ಕೊನೆಗೆ ಹೊಸಕೋಟೆ ಸ್ಕೂಲಿನಲ್ಲಿ ಸಭೆ ಕರೆದರು. ತೀರ್ಮಾನ ಮಾಡೋಕೆ ಹಾಸನದಿಂದ ದೊಡ್ಡ ಸಾಹೇಬರೇ ಬಂದಿದ್ದರು. ಒಳ್ಳೇ ಮನುಷ್ಯ, ಗುಟ್ಟೇನೂ ಗೊತ್ತಿರಲಿಲ್ಲ. ನಾನೂ ಅಪ್ಪನ ಪಕ್ಕ ಕೂತಿದ್ದೆ. ಅಪ್ಪ ಎದ್ದು ತನಗೆ ತಿಳಿದಂತೆ ಹೇಳಿದರು, ಆಚೀಚೆ ಮನೆಯವರೂ ಹೇಳಿದರು.

ದೊಡ್ಡ ಸಾಹೇಬರು ಪ್ರಿಂಟ್ ಮಾಡಿಸಿದ್ದ ಹಾಳೆ ಎತ್ತಿಕೊಂಡರು. “ನೋಡಿ ಗೌಡ್ರೇ, ಬೇಡ ಅನ್ನೋರು ನೀವು ನಾಲ್ಕು ಮನೆಯೋರು. ಇಂಟರ್ನೆಟ್ಟಿನಲ್ಲಿ ಬೇಕು ಅನ್ನೋ ರೈತರೇ ಹತ್ತು ಜನ ಇದ್ದಾರೆ. ನಾನು ಏನಂತ ಬರೀಲಿ?”

ಅಪ್ಪನ ಮುಖ ಬಾಡಿ ಹೋಯ್ತು. ನನಗೆ ಅಳುವೇ ಬಂತು. ಎದ್ದು ಎಲ್ಲ ಹೇಳಿಬಿಡಬೇಕು ಅಂತ ನಾನು ಸೆರಗು ಸರಿ ಮಾಡಿಕೊಳ್ಳೋದರೊಳಗೆ ಅಪ್ಪನೇ ಕೇಳಿದರು. “ಯಾರ್ ಸ್ವಾಮಿ ಅವ್ರು? ಯಾವೂರು, ಯಾರ ಮನೆಯೋರು? ಕರೀರಿ, ಮುಖ ನೋಡಾನ.”

ನಮ್ಮ ಕಡೆ ಹೊಸಬರು ಕಂಡರೆ ನೀರು ಕೊಡೋಕೂ ಮುಂಚೆ ಕೇಳೋ ಮಾತು ಇದು. ಇಷ್ಟೆಲ್ಲ ಪ್ಲಾನ್ ಮಾಡಿದ ನಮ್ಮ ತಾಲ್ಲೂಕಿನ ಸಾಹೇಬರಿಗೆ ಇದೊಂದು ಹೊಳೆದೇ ಇರಲಿಲ್ಲ.

“ಮಾರನಹಳ್ಳಿ ರುದ್ರೇಗೌಡ್ರು ಬಂದಿದಾರಾ?” ಅಂತ ದೊಡ್ಡ ಸಾಹೇಬರು ಕೂಗಿದರು. ಯಾರೂ ಏಳಲಿಲ್ಲ. ತಾಲ್ಲೂಕಿನ ಸಾಹೇಬರು ಗುಮಾಸ್ತರ ಪಕ್ಕೆಗೆ ತಿವಿದು “ಏನಾದ್ರೂ ಮಾಡ್ರೀ” ಅಂದರು. ಗುಮಾಸ್ತರು ಒಮ್ಮೆ ಅವರನ್ನು ನೋಡಿದರು, ಒಮ್ಮೆ ಅಪ್ಪನನ್ನು ನೋಡಿದರು. ಎದ್ದು ನಿಂತರು.

“ನಾನೇ ಸಾರ್.”

“ಆಲೂರು ಕಡೆ ಜವರೇಗೌಡ್ರು?”

“ಅದೂ ನಾನೇ ಸಾರ್.”

ಮತ್ತೊಂದು ಹೆಸರು ಕರೆದರು, ಮತ್ತೆ ಇವರೇ ಎದ್ದರು. ನಾಲ್ಕನೆಯದಕ್ಕೆ ದೊಡ್ಡ ಸಾಹೇಬರು “ಕೂತ್ಕೊಂಡೇ ಹೇಳ್ರೀ, ಸುಸ್ತಾಗುತ್ತೆ” ಅಂದರು. ಜನ ಬಿದ್ದು ಬಿದ್ದು ನಗ್ತಿದ್ದರು. ತಾಲ್ಲೂಕಿನ ಸಾಹೇಬರು ಮಾತ್ರ ಕಿಟಕಿಯಾಚೆ ಏನೋ ಹುಡುಕ್ತಿದ್ದರು.

“ಮತ್ತೆ ಇಷ್ಟುದ್ದ ವಿರೋಧ ಬರೆದಿರೋ ಈ ಪುಣ್ಯಾತ್ಮ?”

“ಅದೂ ನಾನೇ ಸಾರ್. ಆದ್ರೆ ಅವ್ನೊಬ್ನೇ ನಿಜ ಬರ್ದಿರೋದು.”

ದೊಡ್ಡ ಸಾಹೇಬರು ಹಾಳೆಗಳನ್ನು ಮಡಚಿಟ್ಟು, ಈ ಹಳ್ಳದ ತಂಟೆ ಬೇಡ ಅಂತ ಬರೆದುಕೊಂಡು ಜೀಪು ಹತ್ತಿದರು. ಗುಮಾಸ್ತರ ಕೆಲಸಕ್ಕೂ ಏನೂ ಆಗಲಿಲ್ಲ. ಬಾಯಿಮಾತಿನ ಆರ್ಡರಿಗೆ ಮೆಮೋ ಕೊಡೋದು ಹೇಗೆ? ಆದರೂ ಆ ಮಧ್ಯಾಹ್ನ ಅವರು ಸ್ಕೂಲಿನ ಜಗಲಿ ಮೇಲೆ ಮುಖ ತಗ್ಗಿಸಿ ಒಬ್ಬರೇ ಕೂತಿದ್ದರು. ಅಪ್ಪ ಹೋಗಿ ಅವರ ಕೈ ಹಿಡಿದು ಎಬ್ಬಿಸಿದರು.

“ಮನೇಲಿ ಕಡುಬು, ಕೋಳಿಸಾರು ಐತೆ, ಉಂಡ್ಕೊಂಡೇ ಹೋಗ್ಬೇಕು ಮಾರಾಯ್ರೇ. ಹನ್ನೊಂದು ಜನಾನೂ ಬನ್ನಿ, ಎಲೆ ಒಂದೇ ಸಾಕಲ್ಲ!”