ಹೊಯ್ಸಳರ ಮೇಲಿನ ಹೊಟ್ಟೆಕಿಚ್ಚು

ಪಕ್ಕದ ಮನೆಯವರ ಕಾರು, ಸಹೋದ್ಯೋಗಿಯ ಬಡ್ತಿ, ಐವತ್ತು ದಾಟಿದರೂ ಉದುರದ ಗೆಳೆಯನ ತಲೆಗೂದಲು, ಹೀಗೆ ಹೊಟ್ಟೆಕಿಚ್ಚು ಪಡಲು ಜನಕ್ಕೆ ಮರ್ಯಾದಸ್ಥ ಕಾರಣಗಳು ಬೇಕಾದಷ್ಟಿರುತ್ತವೆ. ನನ್ನದು ಹೇಳಿಕೊಳ್ಳಲೂ ನಾಚಿಕೆಯಾಗುವಂಥದ್ದು. ನಾನು ಹೊಟ್ಟೆಕಿಚ್ಚು ಪಟ್ಟಿದ್ದು ಹೊಯ್ಸಳರ ಮೇಲೆ. ಅವರ ಕಾಲ ಮುಗಿದು ಆರೇಳುನೂರು ವರ್ಷಗಳೇ ಆಗಿವೆ. ನನಗೆ ಯಾವ ಅಪಕಾರವನ್ನೂ ಮಾಡಿದವರಲ್ಲ. ಅವರ ತಪ್ಪು ಇಷ್ಟೇ, ಗುಡಿ ಕಟ್ಟಿಸುವಾಗ ತುರುವೇಕೆರೆಯಲ್ಲಿ ಕಟ್ಟಿಸಿದರು, ತಿಪಟೂರನ್ನು ಮರೆತರು. ತಿಪಟೂರಿನಲ್ಲಿ ನಾನಿದ್ದೇನೆ. ತುರುವೇಕೆರೆಯಲ್ಲಿ ನನ್ನ ಷಡ್ಡಕನಿದ್ದಾನೆ.

ಷಡ್ಡಕ ಬಸಣ್ಣ ನನ್ನ ಹೆಂಡತಿಯ ಅಕ್ಕನ ಗಂಡ. ಪಿಯುಸಿಯನ್ನು ಎರಡು ಸಲ ಮುಟ್ಟಿ ನೋಡಿ, ಬಿಟ್ಟು, ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟವನು. ನಾನು ಬಿ.ಎ., ಅದೂ ಇತಿಹಾಸ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಮನುಷ್ಯ ನಾನು. ಇದನ್ನು ಜಂಭಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಜಂಭಕ್ಕೇ ಹೇಳುತ್ತಿದ್ದೇನೆ. ಹಾಲ್ಕುರಿಕೆಯ ನಮ್ಮ ಮಾವ ನನಗೆ ಹೆಣ್ಣು ಕೊಟ್ಟಿದ್ದೇ ಈ ಎರಡಕ್ಷರ ನೋಡಿ. ನನಗೆ ಒಂದು ತೆಂಗಿನ ಮರವೂ ಇರಲಿಲ್ಲ, ಅಪ್ಪ ಕೂಲಿ ಮಾಡುತ್ತಿದ್ದ. ನೆಂಟರು ಮೂಗು ಮುರಿದಾಗ ಮಾವ, "ತೋಟ ಇಲ್ದಿದ್ರೆ ಹೋಗ್ಲಿ ಕಣ್ರಪ್ಪ, ಹುಡ್ಗ ಡಿಗ್ರಿ ಮಾಡವ್ನೆ" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದರಂತೆ. ಅಂದಿನಿಂದ ಆ ಮನೆಯಲ್ಲಿ ನಾನು 'ಓದಿದ ಅಳಿಯ'. ಕೋರ್ಟಿನಿಂದ ಕಾಗದ ಬಂದರೂ, ಮದುವೆಯ ಕರೆಯೋಲೆ ಬರೆಸಬೇಕಾದರೂ ನನಗೇ ಫೋನು. ಇಪ್ಪತ್ತೆರಡು ವರ್ಷ ಈ ಪಟ್ಟ ಭದ್ರವಾಗಿತ್ತು.

ಅದು ಅಲುಗಿದ್ದು ಮಾವನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ. ಡಾಕ್ಟರು ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯಬೇಕೆಂದರು. ಹಿರಿಮಗಳ ಮನೆಗೆ ಹೋದಾಗ ಬಸಣ್ಣ ಅವರನ್ನು ನಸುಕಿಗೇ ಎಬ್ಬಿಸಿ ಹಳೆಯ ಗುಡಿ, ಕನ್ನಡಿಯಂತೆ ಹೊಳೆಯುವ ಕರಿಕಲ್ಲಿನ ಬಸವ, ಕೆರೆ ಏರಿ ಎಲ್ಲ ಸುತ್ತಿಸಿದ. ಮಾವ ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದು, ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಾ, "ಆ ಬಸವಣ್ಣನ ಮೈಯಾಗೆ ನನ್ನ ಮುಖ ಕಾಣ್ತು ಕಣಪ್ಪ! ಬಸಣ್ಣ ಒಂದೊಂದೂ ಬಿಡಿಸಿ ಹೇಳ್ದ. ಇತಿಹಾಸ ಓದಿದ್ದು ನೀನಾ ಅವ್ನಾ ಅಂತ ನಂಗೇ ಅನುಮಾನ ಬಂದ್ಬುಡ್ತು" ಎಂದರು. ನನ್ನ ಕೈಯಲ್ಲಿದ್ದ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿದ್ದರೂ ಅದು ಕಹಿಯಾಯಿತು. ಅಷ್ಟರಲ್ಲಿ ಮಾವ ತಲುಪಿದರೋ ಎಂದು ವಿಚಾರಿಸಲು ಬಸಣ್ಣನ ಫೋನು. "ನಿಮ್ಮೂರಲ್ಲಿ ತೋರ್ಸಕ್ಕೆ ಏನೈತೆ ಬಿಎ ಸಾಹೇಬ್ರೆ, ಕೊಬ್ರಿ ಮಂಡಿ ಬುಟ್ರೆ?"

"ಬರೋ ಭಾನುವಾರ ಮಾವನ್ನ ಹಾಲ್ಕುರಿಕೆಯಿಂದ ಕರ್ಕೊಂಡು ಬಾ ಬಸಣ್ಣ. ನಿನ್ನ ಹೊಯ್ಸಳರ ಮುತ್ತಾತನ ಕಾಲದ್ದು ತೋರಿಸ್ತೀನಿ" ಎಂದುಬಿಟ್ಟೆ. ಏನು ತೋರಿಸುತ್ತೇನೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಮರುದಿನದಿಂದ ಐದು ಗಂಟೆಗೆ ಎದ್ದು ಊರಿನ ಇತಿಹಾಸ ಹುಡುಕುತ್ತಾ ಹೊರಟೆ. ರೈಲ್ವೆ ಸ್ಟೇಷನ್ ಹಳೆಯದೇ, ಆದರೆ ಹೊಯ್ಸಳರ ಮುಂದೆ ಬ್ರಿಟಿಷರದು ನಿನ್ನೆ ಹುಟ್ಟಿದ ಕೂಸು. ಕೆರೆಯ ಹತ್ತಿರ ಒಂದು ಕಲ್ಲಿನ ಮಂಟಪ ಸಿಕ್ಕಿತು. ಯಾರೋ ಪುಣ್ಯಾತ್ಮರು ಅದಕ್ಕೆ ತಳದಿಂದ ತುದಿಯವರೆಗೆ ಹಳದಿ ಬಣ್ಣ ಬಳಿದು, ಸಾಲದೆಂಬಂತೆ ಟ್ಯೂಬ್‌ಲೈಟ್ ಕಟ್ಟಿದ್ದರು. ಪಾರ್ಕಿನಲ್ಲಿ ಒಂಟಿ ಕೊಂಬಿನ ಸಿಮೆಂಟಿನ ಜಿಂಕೆಯಿತ್ತು. ವ್ಯಾಯಾಮದ ಯಂತ್ರಗಳ ಮೇಲೆ ಕೂತು ಕೊಬ್ಬರಿ ರೇಟು ಮಾತಾಡುವವರಿದ್ದರು. ಇನ್ನೊಂದು ಮೂಲೆಯಲ್ಲಿ ಹತ್ತು ಜನ ವೃತ್ತವಾಗಿ ನಿಂತು ಆರೋಗ್ಯಕ್ಕಾಗಿ ಗಹಗಹಿಸಿ ನಗುತ್ತಿದ್ದರು. ಷಡ್ಡಕನಿಲ್ಲದ ಆ ಜನರನ್ನು ಕಂಡು ಆ ವಾರ ನನಗೆ ಅವರ ಮೇಲೂ ಹೊಟ್ಟೆಕಿಚ್ಚಾಯಿತು.

ಶುಕ್ರವಾರ ಸಿಕ್ಕಿತು. ಪಾರ್ಕಿನ ಹಿಂದಿನ ಮೂಲೆಯಲ್ಲಿ, ಬೇವಿನ ಮರದ ಬುಡದಲ್ಲಿ, ಮಂಚದಗಲದ ಒಂದು ಹಾಸುಬಂಡೆ. ಅದರ ಮೇಲೆ ದೋಣಿಯಾಕಾರದ ಎರಡು ತಗ್ಗು. ಒಳಗೆ ಬೆರಳಾಡಿಸಿದರೆ ಬೆಣ್ಣೆಯಂಥ ನುಣುಪು. ನವಶಿಲಾಯುಗದ ಜನ ತಮ್ಮ ಕಲ್ಲಿನ ಕೊಡಲಿಗಳನ್ನು ಬಂಡೆಗೆ ಉಜ್ಜಿ ಉಜ್ಜಿ ಇಂಥ ತಗ್ಗುಗಳನ್ನು ಮಾಡಿದ್ದರೆಂದು ಎರಡನೇ ವರ್ಷದ ಬಿ.ಎ.ಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮೂರು ಸಾವಿರ ವರ್ಷ! ಹೊಯ್ಸಳರು ನಿಂತ ನಿಲುವಿನಲ್ಲೇ ಮೊಮ್ಮಕ್ಕಳಾಗಿಹೋದರು. ಒಂದು ತಗ್ಗು ನೆಟ್ಟಗಿದ್ದು ಇನ್ನೊಂದು ಓರೆಯಾಗಿತ್ತು. ಅದಕ್ಕೂ ಸಂಜೆಯೊಳಗೆ ಒಂದು ವ್ಯಾಖ್ಯಾನ ಸಿದ್ಧ ಮಾಡಿದೆ: ಆದಿಮಾನವರು ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡಿ ಮಸೆಯುತ್ತಿದ್ದರು. ಹೆಂಡತಿ ಜಯ ಎಲ್ಲ ಕೇಳಿಸಿಕೊಂಡು, "ಅಲ್ಲೇ ಸುತ್ತಮುತ್ತ ಯಾರನ್ನಾದ್ರೂ ಒಂದ್ ಮಾತು ಕೇಳ್ರೀ" ಎಂದಳು. ಇತಿಹಾಸ ಓದಿದವನು ದಾರಿಹೋಕರನ್ನು ಕೇಳುವುದೇ?

ಭಾನುವಾರ ಇನ್ನೂ ಮಬ್ಬುಗತ್ತಲಿರುವಾಗಲೇ ಬಸಣ್ಣನ ಕಾರು ಬಂತು. ಜಿಂಕೆಯ ಹತ್ತಿರ ಇಬ್ಬರನ್ನೂ ಬೇಗಬೇಗ ದಾಟಿಸಿ ಬಂಡೆಯ ಮುಂದೆ ನಿಲ್ಲಿಸಿದೆ. ಕಾಲು ಗಂಟೆ ಮಾತಾಡಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾವತ್ತೂ ಮಾತಾಡಿಲ್ಲ. ಮೂರು ಸಾವಿರ ವರ್ಷ ಎಂದಾಗ ಮಾವ ಚಪ್ಪಲಿ ಬಿಟ್ಟು ಕೈಮುಗಿದರು. "ನೋಡ್ದೇನಪ್ಪ ಬಸಣ್ಣ, ಓದಿದೋರು ಓದಿದೋರೇ" ಎಂದರು. ಬಸಣ್ಣನ ಮುಖ ನೀರು ಬಿದ್ದ ಸಿಮೆಂಟು ಮೂಟೆಯಂತಾಯಿತು. ಆ ಮುಖ ನೋಡಿದ ಸುಖ ನನಗೆ ಒಂದು ನಿಮಿಷವೂ ಪೂರ್ತಿ ದಕ್ಕಲಿಲ್ಲ.

ಹತ್ತಿರದ ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ಮುದುಕರೊಬ್ಬರು ಕೇಳಿದರು. "ಎಷ್ಟ್ ಸಾವ್ರ ವರ್ಷ ಅಂದ್ರಿ ಸ್ವಾಮಿ?"

"ಮೂರಕ್ಕೆ ಕಡಿಮೆಯಿಲ್ಲ."

"ಹಂಗಾರೆ ನಂಗೂ ಮೂರ್ ಸಾವ್ರ ಆಗಿರ್ಬೇಕು. ನಾನೇ ಮಚ್ಚು ಮಸ್ದಿರೋ ಕಲ್ಲು ಕಣ್ರೀ ಅದು." ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಪಾರ್ಕ್ ಆಗುವ ಮುಂಚೆ ಆ ಜಾಗ ಕೊಬ್ಬರಿ ಒಡೆಯುವ ಬಯಲಾಗಿತ್ತಂತೆ. ಒಳಗಿನ ಕೊಬ್ಬರಿಯ ಉಂಡೆಗೆ ಒಂದು ಗೀರೂ ಬೀಳದ ಹಾಗೆ ಚಿಪ್ಪು ಮಾತ್ರ ಚಕ್ಕೆ ಚಕ್ಕೆಯಾಗಿ ಹಾರಿಸಬೇಕಾದರೆ ಮಚ್ಚು ಹರಿತವಾಗಿರಬೇಕು. ಅದಕ್ಕೇ ದಿನಾ ಬೆಳಿಗ್ಗೆ ಎಲ್ಲರೂ ಆ ಬಂಡೆಯ ಮೇಲೆ ಮಸೆಯುತ್ತಿದ್ದರಂತೆ.

ಬಸಣ್ಣ ಬೇವಿನ ಮರ ಹಿಡಿದುಕೊಂಡು ನಕ್ಕ. ಆ ಕಡೆ ಮೂಲೆಯ ಹತ್ತು ಜನ ಸೇರಿ ನಕ್ಕರೂ ಅಷ್ಟು ಆರೋಗ್ಯಕರವಾಗಿ ನಗುತ್ತಿರಲಿಲ್ಲ. "ಅಯ್ಯೋ ಸಾಹೇಬ್ರೆ, ಆ ಓರೆಯಾಗಿರೋದು ಸೂರ್ಯಂಗೆ ಅಂದ್ರಲ್ಲಾ!"

"ಸೂರ್ಯನೂ ಇಲ್ಲ ಗೀರ್ಯನೂ ಇಲ್ಲ" ಎಂದರು ಮುದುಕರು. "ಅದು ಎಡಚ ನಿಂಗಣ್ಣಂದು. ನಾವೆಲ್ಲಾ ಬಲಗೈನೋರು ಮಸ್ದಿದ್ದು ನೆಟ್ಟಗಿರೋದು. ಅವ್ನೊಬ್ಬ ಎಡಗೈಲಿ ಎಳೆಯೋನು, ನಮ್ಮ ತಗ್ಗು ಅವ್ನಿಗೆ ಆಗ್ತಿರ್ಲಿಲ್ಲ. ಒಬ್ನೇ ಸವೆಸ್ಕೊಂಡ."

ಬಸಣ್ಣನ ನಗು ನಿಂತಿತು. ನಿಂಗಣ್ಣ ನನ್ನ ಅಪ್ಪ.

"ಇವ್ರು ಅವನ ಮಗನೇಯ" ಎಂದು ಮಾವ ಮೆಲ್ಲಗೆ ಹೇಳಿದರು. ಮುದುಕರು ಎದ್ದು ಬಂದು ನನ್ನ ಮುಖಕ್ಕೆ ಮುಖ ತಂದು ನೋಡಿದರು. "ಓದೋ ಹುಡ್ಗ ನೀನೇಯೇನ್ಲಾ? ನಿಮ್ಮಪ್ಪ, ನನ್ ಮಗ ಈ ಬಯಲಿಗೆ ಕಾಲಿಡಬಾರ್ದು, ಇಟ್ರೆ ಮಚ್ಚು ಹಿಡೀತಾನೆ ಅಂತಿದ್ದ ಕಣ್ಲಾ." ನಿಜ. ಬುತ್ತಿ ತಂದರೆ ರಸ್ತೆಯಲ್ಲೇ ನಿಲ್ಲಿಸಿ ಇಸಿದುಕೊಂಡು, "ಓದ್ಕೋ ಹೋಗು" ಎಂದು ಅಟ್ಟುತ್ತಿದ್ದ, ಬಯಲಿನ ಒಳಗೇನಿದೆ ಎಂದು ನಾನು ನೋಡಿಯೇ ಇರಲಿಲ್ಲ. ನಾನೂ ಹುಟ್ಟಿನಿಂದ ಎಡಚನೇ. ಎರಡನೇ ಕ್ಲಾಸಿನ ಮೇಷ್ಟ್ರು ರೂಲುದೊಣ್ಣೆಯಿಂದ ನನ್ನ ಬರಹವನ್ನು ಬಲಗೈಗೆ ವರ್ಗಾಯಿಸಿದ್ದರು. ಮೂರು ಸಾವಿರ ವರ್ಷ ಹಿಂದಿನವರ ಕೈಕೆಲಸ ಗುರುತಿಸಿದ ಪದವೀಧರನಿಗೆ ಸ್ವಂತ ಅಪ್ಪನದು ಗುರುತು ಸಿಗಲಿಲ್ಲ.

ಮಾವ ಕುಕ್ಕರುಗಾಲಲ್ಲಿ ಕೂತು ಆ ಓರೆ ತಗ್ಗಿನಲ್ಲಿ ಬೆರಳಿಟ್ಟು, "ಕಲ್ಲು ಇಷ್ಟು ಸವೀಬೇಕಾದ್ರೆ ಎಷ್ಟ್ ಒಡ್ದಿರ್ಬೇಕು ಕಣಪ್ಪ ಆ ಮನುಷ್ಯ" ಎಂದರು. ಕಾರು ಹತ್ತುವಾಗ ಬಸಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಹೊಯ್ಸಳ್ರು ನಂಗೇನಾಗ್ಬೇಕು ಬುಡು. ನಿಂಗಾದ್ರೆ ಸ್ವಂತ ಅಪ್ಪ" ಎಂದ. ಅವನ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ಆ ವಸ್ತುವನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ.

ಗೆದ್ದೆ ಎಂದುಕೊಂಡೆ. ಆದರೆ ಮಾವ ಹಾಲ್ಕುರಿಕೆಗೆ ಹೋಗಿ ಮಠದ ಜಗಲಿಯ ಮೇಲೆ ಕೂತು ಸಿಕ್ಕಸಿಕ್ಕವರಿಗೆಲ್ಲ ಆ ಕಲ್ಲಿನ ಕಥೆ ಹೇಳುತ್ತಿದ್ದಾರೆ. ನನ್ನನ್ನು ಈಗ ಯಾರೂ ಓದಿದ ಅಳಿಯ ಎನ್ನುತ್ತಿಲ್ಲ, ನಿಂಗಣ್ಣನ ಮಗ ಎನ್ನುತ್ತಾರೆ. ತಿಪಟೂರಿಗೆ ಬರುವ ನೆಂಟರು ನಡುಮನೆಯಲ್ಲಿ ತೂಗುಹಾಕಿರುವ ನನ್ನ ಘಟಿಕೋತ್ಸವದ ಫೋಟೋ ಕೆಳಗೆ ಕೂತು ಕಾಫಿ ಕುಡಿದು, "ಆ ಕಲ್ಲು ಎಲ್ಲೈತೆ ತೋರ್ಸಪ್ಪ" ಎನ್ನುತ್ತಾರೆ. ನಾನು ಮುಂದೆ ಮುಂದೆ ಹೋಗಿ ತೋರಿಸುತ್ತೇನೆ. ಇಪ್ಪತ್ತೆರಡು ವರ್ಷದ ನನ್ನ ಪಟ್ಟವನ್ನು, ತೀರಿಕೊಂಡು ಒಂಬತ್ತು ವರ್ಷವಾದ ಅಪ್ಪ, ಒಂದಕ್ಷರವೂ ಬಾರದ ಅಪ್ಪ, ಕೂತಲ್ಲೇ ಕಿತ್ತುಕೊಂಡ. ಹೊಯ್ಸಳರ ಮೇಲಿದ್ದ ಹೊಟ್ಟೆಕಿಚ್ಚು ಈಗ ಪೂರ್ತಿ ಅವನ ಕಡೆ ತಿರುಗಿದೆ.

ಮೊನ್ನೆ ಬೆಳಿಗ್ಗೆ, ನಗುವ ಗುಂಪಿನವರೂ ಬರುವ ಮುಂಚೆ, ಅಡುಗೆಮನೆಯ ಚಾಕುವನ್ನು ಪೇಪರಿನಲ್ಲಿ ಸುತ್ತಿಕೊಂಡು ಪಾರ್ಕಿಗೆ ಹೋದೆ. ಅತ್ತ ಇತ್ತ ನೋಡಿ, ಓರೆ ತಗ್ಗಿನ ಮುಂದೆ ಕೂತು, ಎಡಗೈಯಲ್ಲಿ ಚಾಕು ಹಿಡಿದೆ. ಕೈ ತಾನಾಗಿ ಅಲ್ಲಿ ಹೊಂದಿಕೊಂಡಿತು. ಹತ್ತು ನಿಮಿಷ ಮಸೆದೆ. ಮನೆಗೆ ಬಂದು, ಚಾಕುವನ್ನು ಇದ್ದಲ್ಲೇ ಇಟ್ಟು, ಏನೂ ಆಗಿಲ್ಲವೆಂಬಂತೆ ಪೇಪರು ಬಿಡಿಸಿ ಕೂತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಜಯಳ ದನಿ ಕೇಳಿತು. "ರೀ, ನಿನ್ನೆ ತನಕ ಚೆನ್ನಾಗಿ ಕುಯ್ತಿದ್ದ ಚಾಕು, ಇವತ್ತು ಬದನೆಕಾಯೂ ಕುಯ್ತಿಲ್ವಲ್ಲ, ಏನ್ ಮಾಡಿದ್ರಿ ಇದಕ್ಕೆ?"